ಎರಡನೆಯ ತೂತು

ಎಣ್ಣೆಯ ಹೊಸ ಡಬ್ಬ ಮನೆಗೆ ಬಂದ ದಿನ ನಮ್ಮಮ್ಮ ಅದರ ತಲೆಯ ಮೇಲೆ ಮೊಳೆಯಿಟ್ಟು, ಕುಟ್ಟಾಣಿಯ ಗುಂಡಿನಿಂದ ಎರಡು ತೂತು ಹೊಡೆಯುತ್ತಿದ್ದಳು. ಒಂದು ಈ ಮೂಲೆಗೆ, ಇನ್ನೊಂದು ಎದುರು ಮೂಲೆಗೆ. ಒಂದೇ ತೂತಾದರೆ ಎಣ್ಣೆ ಗಳಕ್ ಗಳಕ್ ಎಂದು ಬಿಕ್ಕಳಿಸುತ್ತಾ ಬಂದು ಅರ್ಧ ಒಲೆಕಟ್ಟೆಯ ಪಾಲಾಗುತ್ತದೆ. ಎರಡಿದ್ದರೆ ದಾರ ಬಿಟ್ಟ ಹಾಗೆ ಇಳಿಯುತ್ತದೆ. "ಎಣ್ಣೆ ಆಚೆ ಬರ್ಬೇಕು ಅಂದ್ರೆ ಗಾಳಿ ಒಳಗೆ ಹೋಗ್ಬೇಕಲ್ವೇನೋ" ಅಂತ ಅವಳ ವಿವರಣೆ. ಬಿಯರಿನ ಪೀಪಾಯಿಗಳ, ಅಂದರೆ ಕೆಗ್‌ಗಳ ಬಗ್ಗೆ ತಿಳಿಯಬೇಕಾದ ಭೌತಶಾಸ್ತ್ರದ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ. ಉಳಿದ ಕಾಲು ಪಾಲನ್ನು ನಾನು ಕಲಿತದ್ದು ಜರ್ಮನಿಯ ಎರ್ಲಾಂಗೆನ್‌ನಲ್ಲಿ, ಭಾಮೈದನ ಮನೆಯ ಬಾಲ್ಕನಿಯಲ್ಲಿ, ಒಂದು ಅಂಗಿ ಪೂರ್ತಿ ನೆನೆಸಿಕೊಂಡು.

ಎರ್ಲಾಂಗೆನ್ ಇರುವುದು ಫ್ರಾಂಕೋನಿಯಾ ಸೀಮೆಯಲ್ಲಿ. ಭೂಪಟದಲ್ಲಿ ಬವೇರಿಯಾ ರಾಜ್ಯದ ಉತ್ತರ ಭಾಗ. ನಮ್ಮಲ್ಲಿ ಊರಿಗೊಂದು ಹಿಟ್ಟಿನ ಗಿರಣಿ ಇದ್ದ ಹಾಗೆ ಅಲ್ಲಿ ಊರಿಗೊಂದು ಬ್ರೂವರಿ. 1,500ಕ್ಕೂ ಕಡಿಮೆ ಜನರಿರುವ ಔಫ್‌ಸೆಸ್ ಎಂಬ ಹಳ್ಳಿಯಲ್ಲಿ ನಾಲ್ಕಿವೆ. ತಲೆಲೆಕ್ಕದಲ್ಲಿ ಜಗತ್ತಿಗೇ ಹೆಚ್ಚು ಎಂದು 2000ದಲ್ಲಿ ಗಿನ್ನೆಸ್ ದಾಖಲೆ ಸೇರಿದ ಊರು ಅದು. ಇಂಥ ಸಣ್ಣ ಬ್ರೂವರಿಗಳ ಬಿಯರಿಗೆ ಈಗ ಹೇಳುವ 'ಕ್ರಾಫ್ಟ್ ಬಿಯರ್' ಎಂಬ ಮಾತು ಅಮೆರಿಕದಿಂದ ಬಂದದ್ದು. 1976ರಲ್ಲಿ ಕ್ಯಾಲಿಫೋರ್ನಿಯಾದ ಸೋನೋಮಾದಲ್ಲಿ ಜ್ಯಾಕ್ ಮೆಕಾಲಿಫ್ ಎಂಬಾತ ಡೇರಿಯವರು ಬಿಟ್ಟ ಹಳೆಯ ಪಾತ್ರೆಗಳನ್ನು ಜೋಡಿಸಿ ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಶುರುಮಾಡಿದ. ಅಮೆರಿಕದ ಕ್ರಾಫ್ಟ್ ಬಿಯರ್ ಚಳವಳಿ ತನ್ನ ಮೂಲಪುರುಷರಲ್ಲಿ ಒಬ್ಬನೆಂದು ಅವನನ್ನು ನೆನೆಯುತ್ತದೆ. ಫ್ರಾಂಕೋನಿಯಾದ ಹಳ್ಳಿಯವರಿಗೆ ಈ ಪದ ಹೇಳಿದರೆ ನಗುತ್ತಾರೆ. ಅಜ್ಜ ಮಾಡುತ್ತಿದ್ದ, ಅಪ್ಪ ಮಾಡಿದ, ಈಗ ಮಗಳು ಮಾಡುತ್ತಿದ್ದಾಳೆ. ಇದಕ್ಕೊಂದು ಹೆಸರು ಬೇರೆ ಬೇಕೆ?

ಅಂಥ ಒಂದು ಹಳ್ಳಿಗೆ ಜೂನ್ ತಿಂಗಳ ಒಂದು ಶನಿವಾರ ಹೋಗಿದ್ದೆವು. ಅಂಗಳದ ಮೂಲೆಯಲ್ಲಿ ಮಾರಾಟದ ಕಿಟಕಿ. 10, 15, 20, 30 ಲೀಟರಿನ ಸ್ಟೀಲ್ ಪೀಪಾಯಿಗಳು ಸಾಲಾಗಿ ನಿಂತಿದ್ದವು; ಮನೆಯಲ್ಲಿ ಹುಟ್ಟುಹಬ್ಬವೋ ಮದುವೆಯೋ ಇದ್ದವರು ಠೇವಣಿ ಕಟ್ಟಿ ಒಯ್ದು, ಸೋಮವಾರ ಖಾಲಿ ಪೀಪಾಯಿ ತಂದುಕೊಡುತ್ತಾರೆ. ನಮ್ಮಂಥ ಪುಡಿ ಗಿರಾಕಿಗಳಿಗೆ 5 ಲೀಟರಿನ ತಗಡಿನ ಡಬ್ಬ. ಅದಕ್ಕೆ ಠೇವಣಿ ಇಲ್ಲ, ಏಕೆಂದರೆ ಜರ್ಮನಿಯಲ್ಲಿ ಬಿಸಾಡುವ ಡಬ್ಬಗಳ ಠೇವಣಿ ಕಾನೂನು 3 ಲೀಟರಿಗೇ ನಿಲ್ಲುತ್ತದೆ. ಒಂದು ಡಬ್ಬ ಕೊಂಡು ಬೆನ್ನುಚೀಲಕ್ಕೆ ತುರುಕಿದೆವು. ಗುಡ್ಡ ಇಳಿದು, ಬಸ್ಸು ಹಿಡಿದು, ರೈಲು ಬದಲಿಸಿ ಮನೆ ಸೇರುವಾಗ ಸಂಜೆ ಐದಾಗಿತ್ತು. ಎರಡು ತಾಸು ಫ್ರಿಜ್ಜಿನಲ್ಲಿಟ್ಟು ಬಾಲ್ಕನಿಯ ಮೇಜಿಗೆ ತಂದೆವು.

ಡಬ್ಬ ನೋಡಲು ಸರಳ. ಒಳಗೆ ವಾರ್ನಿಷ್ ಬಳಿದ ತಗಡು. ಕೆಳಗೆ ಅಂಚಿನ ಹತ್ತಿರ, ಎಳೆದು ತಿರುಗಿಸಿದರೆ ಬಾಯಿ ಬಿಡುವ ಪ್ಲಾಸ್ಟಿಕ್ ನಲ್ಲಿ. ನೆತ್ತಿಯ ನಡುವೆ ಒಂದು ಬಿರಡೆ, ಅದರ ನಡುವೆ ತಿರುಗಿಸಿದರೆ ಗಾಳಿಗೆ ದಾರಿ ಬಿಡುವ ಗುಬುಟು. ಅಮ್ಮನ ಎರಡನೆಯ ತೂತು! ಮೇಲೆ ಅಂಟಿಸಿದ್ದ ಚೀಟಿಯನ್ನು ಓದುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. "ಭಾವ, ಮೊದ್ಲು ಮೇಲಿಂದು ತೆಗೀಬೇಕು ಅನ್ಸುತ್ತೆ" ಎಂದ ಭಾಮೈದ. ಎಣ್ಣೆ ಡಬ್ಬದ ಅನುಭವಸ್ಥನಾದ ನಾನು ಗಟ್ಟಿಯಾಗಿ ತಲೆಯಾಡಿಸಿ ತಿರುಗಿಸಿದೆ.

ಬುಸ್ಸೆಂದು ಬಂತು. ನೊರೆ ಗುಬುಟಿನ ಸುತ್ತಲಿನಿಂದ ಕಾರಂಜಿಯಾಗಿ ನನ್ನ ಎದೆಯ ಮೇಲಿಂದ ಮೇಜಿಗೆ, ಮೇಜಿನಿಂದ ಕೆಳಮನೆಯವರ ಜೆರೇನಿಯಂ ಕುಂಡಗಳಿಗೆ ಇಳಿಯಿತು. ಅಡುಗೆಮನೆಯಿಂದ ಓಡಿಬಂದ ಭಾಮೈದನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಅಣ್ಣ, ನೀವು ವಿಜ್ಞಾನ ಬರೀತೀರಿ ಅಲ್ವಾ?" ಎಂದಳು.

ಎಣ್ಣೆ ಡಬ್ಬಕ್ಕೂ ಈ ಡಬ್ಬಕ್ಕೂ ಇರುವ ವ್ಯತ್ಯಾಸ ಗ್ಯಾಸ್. ಯೀಸ್ಟ್ ಎಂಬ ಸೂಕ್ಷ್ಮಜೀವಿ ಬಾರ್ಲಿ ಮೊಳಕೆಯ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಂಜಾನೆ ಇಡ್ಲಿ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ಹೊರಗಿಣುಕುವುದೂ, ಮರದಿಂದ ಇಳಿಸಿದ ಕಳ್ಳಿನ ಮಡಕೆ ನೊರೆಗಟ್ಟುವುದೂ ಇದೇ ಗ್ಯಾಸಿನಿಂದ. ಬ್ರೂವರಿಯವರು ಹುದುಗು ಮುಗಿಯುವ ಹೊತ್ತಿಗೆ ತೊಟ್ಟಿಯ ಬಾಯಿ ಕಟ್ಟಿಬಿಡುತ್ತಾರೆ. ಜರ್ಮನ್ನರು ಬಿರಡೆಗೆ 'ಶ್ಪುಂಡ್' ಎನ್ನುತ್ತಾರೆ, ಹೀಗೆ ಬಾಯಿ ಕಟ್ಟುವುದಕ್ಕೂ ಅದೇ ಹೆಸರು. ಹೊರಹೋಗಲಾಗದ ಗ್ಯಾಸ್ ಬಿಯರಿನಲ್ಲಿ ಕರಗುತ್ತದೆ. ಬಾಂಬರ್ಗ್ ಊರಿನ ಮಾರ್ಸ್ ಬ್ರೂವರಿಗೆ ಹೋಗಿ ಬರೀ 'ಊ' ಎಂದರೆ ಸಾಕು, ಒಂದು ಲೋಟ ಬರುತ್ತದೆ. 'ಉನ್‌ಗೆಶ್ಪುಂಡೆಟ್', ಅಂದರೆ ಬಿರಡೆ ಹಾಕದೆ ಮಾಗಿಸಿದ್ದು, ಎಂಬುದರ ಮೊದಲ ಅಕ್ಷರ ಅದು. ಗ್ಯಾಸ್ ಕಡಿಮೆ, ಕುಡಿಯಲು ಮೆದು. ನಮ್ಮ ಡಬ್ಬದಲ್ಲಿದ್ದದ್ದು ಆ ಜಾತಿಯದಲ್ಲ ಎಂದು ನನ್ನ ಅಂಗಿ ಸಾಕ್ಷಿ ಹೇಳುತ್ತಿತ್ತು.

ಸಾಮಾನ್ಯ ಲಾಗರ್ ಬಿಯರಿನ ಒಂದು ಲೀಟರಿನಲ್ಲಿ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಐದು ಲೀಟರಿಗೆ 25 ಗ್ರಾಂ. ಕೇಳಲು ಅಲ್ಪ. ಆದರೆ ಅಷ್ಟನ್ನೂ ಹೊರತೆಗೆದು ಬಲೂನಿಗೆ ತುಂಬಿದರೆ ಹನ್ನೆರಡೂವರೆ ಲೀಟರ್ ಆಗುತ್ತದೆ. ಐದು ಲೀಟರಿನ ಡಬ್ಬದೊಳಗೆ ಐದು ಲೀಟರ್ ಬಿಯರ್, ಅದರ ಹೊಟ್ಟೆಯೊಳಗೆ ಹನ್ನೆರಡೂವರೆ ಲೀಟರ್ ಗ್ಯಾಸ್. ಈ ಗ್ಯಾಸು ಅಲ್ಲಿ ತೆಪ್ಪಗೆ ಕುಳಿತಿರಲು ಯಾವುದು ಕಾರಣ?

ಉತ್ತರ ಕೊಟ್ಟವನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ, 1803ರಲ್ಲಿ. ಅದಕ್ಕೂ ಮೊದಲು, 1767ರಲ್ಲಿ, ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಲೀಡ್ಸ್ ಊರಿಗೆ ಬಂದು ಬ್ರೂವರಿಯ ಪಕ್ಕದ ಮನೆಯಲ್ಲಿ ಬಿಡಾರ ಹೂಡಿದ್ದ. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಒಂದು ಗೇಣಿನಷ್ಟು ಎತ್ತರಕ್ಕೆ ನಿಂತಿರುವ ವಿಚಿತ್ರ 'ಗಾಳಿ' ಉರಿವ ಕಡ್ಡಿಯನ್ನು ಆರಿಸುತ್ತದೆ, ನೀರನ್ನು ಅದರಲ್ಲಿ ಲೋಟದಿಂದ ಲೋಟಕ್ಕೆ ಸುರಿದರೆ ಚುರುಗುಟ್ಟುವ ರುಚಿ ಬರುತ್ತದೆ ಎಂದು ಕಂಡುಕೊಂಡ. 1772ರಲ್ಲಿ ಅದರ ವಿಧಾನವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿದ. ಸೋಡಾ ಹುಟ್ಟಿದ್ದು ಬಿಯರಿನ ತೊಟ್ಟಿಯ ಮೇಲೆ. ಹೆನ್ರಿಯ ಅಪ್ಪ ಥಾಮಸ್ ಹೆನ್ರಿ ಅಂಥ ಸೋಡಾನೀರು ತಯಾರಿಸಿ ಮಾರುತ್ತಿದ್ದ ಔಷಧಿ ವ್ಯಾಪಾರಿ. ಮಗ ಮಾಡಿದ ಕೆಲಸವೆಂದರೆ ಆ ಅಂಗಡಿಯ ಸರಕನ್ನು ಅಳತೆಗೋಲಿಗೆ ತಂದದ್ದು. ನೀರಿನ ಮೇಲೆ ಗ್ಯಾಸಿನ ಒತ್ತಡ ದುಪ್ಪಟ್ಟಾದರೆ ಕರಗುವ ಗ್ಯಾಸೂ ದುಪ್ಪಟ್ಟು; ನೀರು ಬಿಸಿಯಾದಷ್ಟೂ ಅದರ ಹಿಡಿತ ಸಡಿಲ. ಇದರಲ್ಲಿ ಮೊದಲ ಮಾತೇ ಹೆನ್ರಿಯ ನಿಯಮ.

ಗೋಲಿ ಸೋಡಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1870ರ ದಶಕದಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಆ ಬಾಟಲಿಯಲ್ಲಿ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಹಿಡಿದಿರುವುದು ಒಳಗಿನ ಗ್ಯಾಸೇ. ಹೆಬ್ಬೆರಳಿನಿಂದ ಒತ್ತಿದರೆ ಠಪ್ ಎಂದು ಒತ್ತಡ ಬೀಳುತ್ತದೆ. ಆ ಕ್ಷಣದಲ್ಲಿ ನೀರಿಗೆ ಅಷ್ಟು ಗ್ಯಾಸು ಇಟ್ಟುಕೊಳ್ಳುವ ಹಕ್ಕಿಲ್ಲ. ಹೊರದಬ್ಬಿಸಿಕೊಂಡದ್ದು ಗುಳ್ಳೆಯಾಗಿ ಏಳುತ್ತದೆ.

ನಮ್ಮ ತಲೆಯ ಮೇಲಿನ ಗಾಳಿಯ ಒತ್ತಡ ಸುಮಾರು 1 ಬಾರ್. ಫ್ರಿಜ್ಜಿನ 4 ಡಿಗ್ರಿಯಲ್ಲಿ ನಮ್ಮ ಡಬ್ಬದೊಳಗೆ ಅದಕ್ಕಿಂತ 0.8 ಬಾರಿನಷ್ಟು ಮಾತ್ರ ಹೆಚ್ಚು ಒತ್ತಡವಿದ್ದರೆ ಗ್ಯಾಸು ಕರಗಿಯೇ ಇರುತ್ತದೆ. ಅದೇ ಡಬ್ಬ 20 ಡಿಗ್ರಿಗೆ ಬಂದರೆ ಹೆಚ್ಚುವರಿ ಒತ್ತಡ 1.8 ಬಾರ್, ಹತ್ತಿರ ಹತ್ತಿರ ಸ್ಕೂಟರ್ ಟೈರಿನಷ್ಟು. ನಮ್ಮದು ಜೂನ್ ಬಿಸಿಲಲ್ಲಿ ಗುಡ್ಡ ಇಳಿದು ಬಂದ ಡಬ್ಬ, ಎರಡೇ ತಾಸಿನ ತಂಪು. ಹೊರತಗಡು ಮುಟ್ಟಲು ತಣ್ಣಗಿದ್ದರೂ ಹೊಟ್ಟೆಯೊಳಗೆ ಇನ್ನೂ ಬಿಸಿ. ಅದಕ್ಕೆ ಕುಲುಕಾಟ ಬೇರೆ ಸೇರಿತ್ತು. ಕುಲುಕಿದರೆ ಒಳಗಿನ ಒತ್ತಡ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅಷ್ಟೇನೂ ಏರುವುದಿಲ್ಲ. ಕುಲುಕಿದಾಗ ಮೇಲಿನ ಗ್ಯಾಸು ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳಾಗಿ ಬಿಯರಿನೊಳಗೆ ಹರಡಿಕೊಳ್ಳುತ್ತದೆ. ಗುಳ್ಳೆ ಹುಟ್ಟುವುದೇ ಕಷ್ಟದ ಕೆಲಸ, ಹುಟ್ಟಿದ್ದು ಬೆಳೆಯುವುದು ಸುಲಭ. ಒತ್ತಡ ಬಿದ್ದ ಕೂಡಲೇ ಹೊರಬರುವ ಗ್ಯಾಸಿಗೆ ಸಾವಿರಾರು ಬೀಜಗುಳ್ಳೆಗಳು ಸಿದ್ಧವಾಗಿ ಕಾದಿರುತ್ತವೆ. ಒಂದು ರಾತ್ರಿ ಅಲುಗದಂತೆ ಇಟ್ಟಿದ್ದರೆ ಅವು ಮೇಲೆದ್ದು ಕರಗಿಹೋಗುತ್ತಿದ್ದವು.

ತಂಪು ಮಾಡುವ ವಿಚಾರದಲ್ಲಿ ಎಲ್ಲರೂ ಫ್ರಿಜ್ಜನ್ನು ಅತಿಯಾಗಿ ನಂಬುತ್ತಾರೆ. ಐದು ಲೀಟರ್ ದ್ರವವನ್ನು 25ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 420 ಕಿಲೋಜೂಲ್ ಶಾಖ ಹೊರಹೋಗಬೇಕು. ಫ್ರಿಜ್ಜಿನೊಳಗಿನ ಗಾಳಿ ಶಾಖ ಹೊರುವ ವಿಷಯದಲ್ಲಿ ಸೋಮಾರಿ ಕೂಲಿ; ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಬಕೆಟ್ಟಿನಲ್ಲಿ ನೀರು, ಅದರಲ್ಲಿ ಎರಡು ಕಿಲೋ ಐಸು ಹಾಕಿ ಡಬ್ಬ ಮುಳುಗಿಸಿ. ಒಂದು ಕಿಲೋ ಐಸು ಕರಗುವಾಗ 334 ಕಿಲೋಜೂಲ್ ಹೀರುವುದರಿಂದ ಲೆಕ್ಕಕ್ಕೆ ಒಂದೂಕಾಲು ಕಿಲೋ ಸಾಕು, ಉಳಿದದ್ದು ಬಕೆಟ್ಟಿಗೂ ಸುತ್ತಲಿನ ಗಾಳಿಗೂ ತೆರುವ ಸುಂಕ. ಬರೀ ಐಸಿನ ಮೇಲೆ ಡಬ್ಬ ಕೂರಿಸುವವರಿದ್ದಾರೆ. ಅದು ದಂಡ, ಐಸಿನ ತುಂಡುಗಳು ತಗಡನ್ನು ಮುಟ್ಟುವುದೇ ಅಲ್ಲಲ್ಲಿ. ನೀರು ಎಲ್ಲೆಡೆ ಮುಟ್ಟುತ್ತದೆ.

ಅಂತೂ ಅಂಗಿ ಬದಲಿಸಿ ಬಂದು ಚೀಟಿ ಓದಿದೆವು. ಅದರಲ್ಲಿ ಮೊದಲು ಕೆಳಗಿನ ನಲ್ಲಿ, ಬಿಯರು ತಾನಾಗಿ ಬರುವುದು ನಿಂತ ಮೇಲೆಯೇ ನೆತ್ತಿಯ ಗುಬುಟು ಎಂದು ಸ್ಪಷ್ಟವಾಗಿತ್ತು. ಈ ಅನುಕ್ರಮದಲ್ಲಿ ಇಡೀ ವಿಷಯದ ಪ್ರಶ್ನೆ ಅಡಗಿದೆ. ಒಂದು ಲೋಟ ಹೊರಬಂದರೆ ಒಳಗೆ ಒಂದು ಲೋಟದಷ್ಟು ಜಾಗ ಖಾಲಿ. ಅಲ್ಲಿಗೆ ಯಾರು ಬರುತ್ತಾರೆ?

ಗುಬುಟು ಮುಚ್ಚಿದ್ದರೆ ಬಿಯರೇ ತನ್ನ ಗ್ಯಾಸಿನಿಂದ ಆ ಜಾಗ ತುಂಬುತ್ತದೆ. ಮನೆಯ ಖರ್ಚಿಗೆ ಮೂಲ ಬಂಡವಾಳ ಮುರಿದ ಹಾಗೆ. ಪ್ರತಿ ಲೋಟಕ್ಕೂ ಒತ್ತಡ ಇಳಿಯುತ್ತಾ, ಉಳಿದ ಬಿಯರು ಸಪ್ಪೆಯಾಗುತ್ತಾ ಹೋಗುತ್ತದೆ. ಹೆನ್ರಿಯ ನಿಯಮ ಹಿಡಿದು ಲೆಕ್ಕ ಹಾಕಿದರೆ, ಲೋಟಕ್ಕೊಮ್ಮೆ ಸಾಕಷ್ಟು ಕಾದು ಬಗ್ಗಿಸಿಕೊಂಡಲ್ಲಿ, ತಣ್ಣಗಿರುವ ಡಬ್ಬದಿಂದ ಅರ್ಧಕ್ಕಿಂತ ಹೆಚ್ಚು ಬಿಯರು ಹೊರಗಿನ ಯಾವ ಸಹಾಯವೂ ಇಲ್ಲದೆ ಬರಬೇಕು. ಆದರೆ ಕರಗಿದ ಗ್ಯಾಸು ಹೊರಬಂದು ಜಾಗ ತುಂಬಲು ಸಮಯ ಹಿಡಿಯುತ್ತದೆ. ಬಾಲ್ಕನಿಯಲ್ಲಿ ಕುಳಿತವರ ಬಾಯಾರಿಕೆ ಅಷ್ಟು ಕಾಯುವುದಿಲ್ಲ. ಎರಡು ಮೂರು ಲೋಟಕ್ಕೆ ಧಾರೆ ಸಣ್ಣಗಾಗಿ ನಿಲ್ಲುತ್ತದೆ. ಆಗ ಗುಬುಟು ತಿರುಗಿಸುತ್ತೇವೆ. ಗಾಳಿ ಒಳಗೆ ಹೋಗುತ್ತದೆ. ಎಣ್ಣೆಯ ಡಬ್ಬದಲ್ಲಿ ಇದು ಪರಿಹಾರ. ಬಿಯರಿನ ಡಬ್ಬದಲ್ಲಿ ಸಮಸ್ಯೆ ಶುರುವಾಗುವುದೇ ಇಲ್ಲಿಂದ.

ಬ್ರೂವರಿಯವರು ಆಮ್ಲಜನಕಕ್ಕೆ ಹೆದರುವಷ್ಟು ಇನ್ನಾವುದಕ್ಕೂ ಹೆದರುವುದಿಲ್ಲ. ಹುದುಗು ಶುರುವಾಗುವ ಮುನ್ನ ಯೀಸ್ಟಿಗೆ ಅದು ಬೇಕು. ಆಮೇಲೆ ಅದು ಶನಿ. ಡಬ್ಬ ತುಂಬುವ ಮುಂಚೆ ಇಂಗಾಲದ ಡೈಆಕ್ಸೈಡ್ ಊದಿ ಊದಿ ಗಾಳಿಯನ್ನು ಓಡಿಸುತ್ತಾರೆ. ಒಳ್ಳೆಯ ಬ್ರೂವರಿಗಳು ಇಟ್ಟುಕೊಂಡ ಗುರಿ, ತುಂಬಿದ ಬಿಯರಿನಲ್ಲಿ ಆಮ್ಲಜನಕ ನೂರು ಕೋಟಿಯಲ್ಲಿ 50 ಪಾಲು ಮೀರಬಾರದು ಎಂದು. ಅಂದರೆ ಇಡೀ ಡಬ್ಬಕ್ಕೆ ಕಾಲು ಮಿಲಿಗ್ರಾಂ. ಈಗ ನಾವು ಅರ್ಧ ಲೀಟರ್ ಬಗ್ಗಿಸಿಕೊಂಡು ಅಷ್ಟೇ ಗಾಳಿ ಒಳಬಿಟ್ಟೆವು ಎನ್ನಿ. ಗಾಳಿಯ ಐದನೇ ಒಂದು ಭಾಗ ಆಮ್ಲಜನಕ. ಅರ್ಧ ಲೀಟರ್ ಗಾಳಿಯಲ್ಲಿ ಸುಮಾರು 140 ಮಿಲಿಗ್ರಾಂ. ಬ್ರೂವರಿಯವರು ತಿಂಗಳುಗಟ್ಟಲೆ ಕಾದ ಮಡಿಯನ್ನು ಒಂದೇ ಲೋಟದ ನೆಪದಲ್ಲಿ ನಾವು ಐನೂರು ಪಟ್ಟಿಗೂ ಹೆಚ್ಚು ಮೈಲಿಗೆ ಮಾಡಿದ್ದೇವೆ. ಅದಷ್ಟೂ ಕೂಡಲೇ ಕರಗುವುದಿಲ್ಲ, ನಿಜ. ಆದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತದೆ.

ಆಗುವುದೇನು? ಮೊದಲು ಹೋಗುವುದು ಹಾಪ್ಸ್ ಹೂವಿನ ಪರಿಮಳ. ಕಿತ್ತಳೆ ಸಿಪ್ಪೆ, ಮಾವಿನಕಾಯಿ, ಪೈನ್ ಮರದ ರಾಳ ಎಂದೆಲ್ಲ ಹೊಗಳಿಸಿಕೊಳ್ಳುವ ಐಪಿಎ ಜಾತಿಯ ಬಿಯರುಗಳು ಈ ವಿಷಯದಲ್ಲಿ ತೀರ ನಾಜೂಕು. ಮಬ್ಬು ಹಳದಿಯ ಐಪಿಎ ಆಮ್ಲಜನಕ ಸೋಕಿದರೆ, ಕೊಯ್ದಿಟ್ಟ ಸೇಬಿನ ಹಾಗೆ ಕಂದುಗಟ್ಟುತ್ತದೆ. ಕಾರಣವೂ ಸೇಬಿನದಕ್ಕೆ ದೂರದ ನೆಂಟ, ಪಾಲಿಫೀನಾಲ್ ಎಂಬ ಸಂಯುಕ್ತಗಳು. ಹಳೆಯದಾದಂತೆ ಒದ್ದೆ ರಟ್ಟಿನ ವಾಸನೆ ಹುಟ್ಟುತ್ತದೆ. ಅದರ ಹಿಂದಿರುವ ನೋನೆನಾಲ್ ಎಂಬ ಅಣುವನ್ನು ನಮ್ಮ ಮೂಗು ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟಿದ್ದರೂ ಹಿಡಿಯಬಲ್ಲದು. ಎಲ್ಲ ತಪ್ಪನ್ನೂ ಗುಬುಟಿನ ಮೇಲೆ ಹೊರಿಸುವುದು ನ್ಯಾಯವಲ್ಲ, ಈ ಅಣುವಿನ ಬೀಜ ಬಹುಪಾಲು ಬ್ರೂವರಿಯ ಹಂಡೆಯಲ್ಲೇ ಬಿದ್ದಿರುತ್ತದೆ. ಅದು ಮೊಳೆಯುವ ವೇಗ ನಮ್ಮ ಕೈಯಲ್ಲಿದೆ, ಮುಖ್ಯವಾಗಿ ತಾಪಮಾನದ ಮೂಲಕ. ಬಿಯರ್ ವ್ಯಾಪಾರದಲ್ಲಿ ಬಾಯಿಲೆಕ್ಕವೊಂದಿದೆ: 32 ಡಿಗ್ರಿಯಲ್ಲಿ 3 ದಿನ ಇಡುವುದು, 22 ಡಿಗ್ರಿಯಲ್ಲಿ 30 ದಿನ ಇಡುವುದು, 3 ಡಿಗ್ರಿಯಲ್ಲಿ 300 ದಿನ ಇಡುವುದು ಮೂರೂ ಬಿಯರಿಗೆ ಒಂದೇ. ತೂಕದ ಬಟ್ಟಿನಷ್ಟು ಖಚಿತವಲ್ಲ, ಆದರೂ ಅಂಗಡಿಯ ಕಪಾಟಿನಲ್ಲಿ ಬೆಚ್ಚಗೆ ನಿಂತ ಡಬ್ಬವನ್ನು ಕಂಡಾಗ ನಾನು ಇದನ್ನು ನೆನೆಸಿಕೊಂಡು ಮುಂದೆ ಹೋಗುತ್ತೇನೆ. ಒಂದು ಪೀಡೆಯಿಂದ ಮಾತ್ರ ತಗಡು ಪೂರಾ ಕಾಯುತ್ತದೆ: ಬೆಳಕು. ಹಸಿರು ಬಾಟಲಿಯ ಬಿಯರು ಬಿಸಿಲಿಗೆ ಬಿದ್ದರೆ ಹಾಪ್ಸಿನ ಕಹಿ ಮುರಿದು ಗಬ್ಬು ವಾಸನೆಯ ಗಂಧಕದ ಅಣುವಾಗುತ್ತದೆ. ಡಬ್ಬದೊಳಗೆ ಸದಾ ಅಮಾವಾಸ್ಯೆ.

ಖಾಲಿ ಜಾಗಕ್ಕೆ ಯಾರು ಬರಬೇಕೆಂಬುದು ಇಂಗ್ಲೆಂಡಿನಲ್ಲಿ ರಾಜಕೀಯವೇ ಆಗಿತ್ತು. ಅಲ್ಲಿನ ಸಾಂಪ್ರದಾಯಿಕ ಏಲ್ ಬಿಯರು ಪೀಪಾಯಿಯೊಳಗೇ ಜೀವಂತ ಯೀಸ್ಟಿನೊಡನೆ ಮಾಗುತ್ತದೆ. ಕೈಪಂಪಿನಿಂದ ಎಳೆದಂತೆ ಮೇಲಿನ ತೂತಿನ ಮರದ ಬೆಣೆಯ ಮೂಲಕ ಗಾಳಿ ಒಳಸೇರುತ್ತದೆ. ತೆರೆದ ಪೀಪಾಯಿಗೆ ಮೂರು ದಿನದ ಆಯುಷ್ಯ. 1971ರಲ್ಲಿ ಹುಟ್ಟಿದ 'ಕ್ಯಾಂಪೇನ್ ಫಾರ್ ರಿಯಲ್ ಏಲ್' ಎಂಬ ಕುಡುಕರ, ಕ್ಷಮಿಸಿ, ಬಳಕೆದಾರರ ಸಂಘ, ಗ್ಯಾಸು ಒತ್ತಿ ಬಡಿಸುವ ಕೆಗ್ ಬಿಯರಿನ ವಿರುದ್ಧ ಹೋರಾಡಿ ಈ ಪದ್ಧತಿಯನ್ನು ಉಳಿಸಿತು. ಗಾಳಿಯ ಬದಲು, ಒತ್ತಡವೇನೂ ಹೇರದೆ, ಖಾಲಿಯಾದಷ್ಟೇ ಜಾಗಕ್ಕೆ ಇಂಗಾಲದ ಡೈಆಕ್ಸೈಡನ್ನು ಒಳಬಿಡುವ ಸಣ್ಣ ಕವಾಟ ಬಂದಾಗ ಸಂಘ ಅದನ್ನೂ ಒಪ್ಪಲಿಲ್ಲ. ದಶಕಗಟ್ಟಲೆ ವಾದವಾಗಿ, 2018ರಲ್ಲಿ ಮಾತ್ರ ಆ ವಿರೋಧ ಕೈಬಿಟ್ಟರು. ರುಚಿ ನೋಡಿದರೆ ವ್ಯತ್ಯಾಸ ಹೇಳಲಾಗದ ವಿಷಯಕ್ಕೆ ಅಷ್ಟು ವರ್ಷ ಜಗಳವಾಡಿದ್ದು ಅತಿಯಾಯಿತು ಎಂದು ನನಗನ್ನಿಸುತ್ತದೆ. ಆದರೆ ಮಡಿ ಮೈಲಿಗೆಯ ಜಗಳಗಳು ರುಚಿಯಿಂದ ತೀರ್ಮಾನವಾಗುವುದು ಎಲ್ಲಿ?

ಮನೆಯ ಮಟ್ಟದಲ್ಲಿ ಆ ಜಾಗಕ್ಕೆ ಒಳ್ಳೆಯ ಬಾಡಿಗೆದಾರನನ್ನು ತರಲು ಹಲವು ದಾರಿ ಹುಡುಕಿದ್ದಾರೆ. ಸುಲಭದ್ದು, ನೆತ್ತಿಯ ಬಿರಡೆಗೆ ಚುಚ್ಚುವ ಬೇರೆ ನಲ್ಲಿ, ಅದರ ಬೆನ್ನಿಗೆ 16 ಗ್ರಾಮಿನ ಇಂಗಾಲದ ಡೈಆಕ್ಸೈಡ್ ಗುಂಡು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ಉಕ್ಕಿನ ಗುಂಡಿನೊಳಗೆ ಗ್ಯಾಸು 57 ಬಾರ್ ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ, 20 ಡಿಗ್ರಿಯ ಕೋಣೆಯಲ್ಲಿ. (31 ಡಿಗ್ರಿ ದಾಟಿದರೆ ಇಂಗಾಲದ ಡೈಆಕ್ಸೈಡ್ ದ್ರವವಾಗಿರಲು ಸಾಧ್ಯವೇ ಇಲ್ಲ, ಎಷ್ಟು ಒತ್ತಿದರೂ. ರಾಯಚೂರಿನ ಮೇ ತಿಂಗಳಲ್ಲಿ ಆ ಗುಂಡಿನೊಳಗೆ ದ್ರವವೂ ಅಲ್ಲದ ಗ್ಯಾಸೂ ಅಲ್ಲದ ಸ್ಥಿತಿ ಇರುತ್ತದೆ.) ಹದಿನಾರೇ ಗ್ರಾಂ ಯಾಕೆ? ಐದು ಲೀಟರ್ ಜಾಗವನ್ನು 0.8 ಬಾರ್ ಹೆಚ್ಚುವರಿ ಒತ್ತಡದಲ್ಲಿ ತುಂಬಲು ಹೊರಗಿನ ಲೆಕ್ಕದ ಒಂಬತ್ತು ಲೀಟರ್ ಗ್ಯಾಸು ಬೇಕು; ಲೀಟರಿಗೆ ಎರಡು ಗ್ರಾಮಿಗೆ ತುಸು ಕಡಿಮೆ ಎಂದರೆ ಹದಿನೇಳರ ಆಸುಪಾಸು. ಕೊನೆಯ ಲೋಟಕ್ಕೆ ಒತ್ತಡ ಕೊಂಚ ಇಳಿದರೆ ಯಾರೂ ದೂರುವುದಿಲ್ಲ. ಗುಂಡಿಗೂ ಡಬ್ಬಕ್ಕೂ ಜೋಡಿ ಸರಿಹೋಯಿತು. ಹೀಗೆ ಬಡಿಸಿದ ಡಬ್ಬ ಫ್ರಿಜ್ಜಿನಲ್ಲಿ ವಾರಗಟ್ಟಲೆ ಚೆನ್ನಾಗಿರುತ್ತದೆ.

ಹೈನೆಕೆನ್ ಕಂಪನಿ 2005ರಲ್ಲಿ ತಂದ 5 ಲೀಟರಿನ ಕೆಗ್‌ನಲ್ಲಿ ಗುಂಡೂ ಬೇಕಿರಲಿಲ್ಲ. ಒಳಗೇ ಒಂದು ಸಣ್ಣ ಕೊಳವೆ, ಅದರೊಳಗೆ ಸಕ್ರಿಯ ಇದ್ದಿಲು. ಇಂಥ ಇದ್ದಿಲಿನ ಒಂದು ಗ್ರಾಮಿನಲ್ಲಿರುವ ಸೂಕ್ಷ್ಮ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರಿನ ಆಸುಪಾಸು, ಕಾಲು ಎಕರೆ ಹೊಲ. ಆ ಗೋಡೆಗಳಿಗೆ ಗ್ಯಾಸಿನ ಅಣುಗಳು ಅಂಟಿಕೊಂಡಿರುತ್ತವೆ. ಹೊರಗೆ ಒತ್ತಡ ಬಿದ್ದಾಗಲೆಲ್ಲ ಒಂದಿಷ್ಟು ಬಿಡಿಸಿಕೊಂಡು ಬರುತ್ತವೆ. ಬಿಯರು ತಾನು ಬಂಡವಾಳ ಮುರಿಯುವ ಬದಲು ಇದ್ದಿಲಿನ ಬ್ಯಾಂಕಿನಿಂದ ಬಡ್ಡಿ ಪಡೆದಂತೆ. ಈ ಉಪಾಯಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಇದು, ಅದರೊಳಗಿನ ಬಿಯರು ಅಷ್ಟೇನೂ ಇಷ್ಟವಾಗದಿದ್ದರೂ.

ಡಚ್ಚರ ಕೀಕೆಗ್ ಇನ್ನೊಂದು ಬಗೆ. 10, 20, 30 ಲೀಟರಿನ ಪ್ಲಾಸ್ಟಿಕ್ ಪಾತ್ರೆ, ಅದರೊಳಗೆ ಚೀಲ, ಚೀಲದೊಳಗೆ ಬಿಯರು. ಪಾತ್ರೆಗೂ ಚೀಲಕ್ಕೂ ನಡುವೆ ಗಾಳಿ ಒತ್ತಿದರೆ ಚೀಲ ಕುಗ್ಗಿ ಬಿಯರು ಹೊರಬರುತ್ತದೆ. ಖಾಲಿ ಜಾಗ ಹುಟ್ಟಿದರೂ ಅದು ಬಿಯರಿನ ಪಾಲಿಗೆ ಗೋಡೆಯಾಚೆಯ ಸಂಗತಿ. ತೊಳೆದು ಮರಳಿಸಬೇಕಿಲ್ಲದ್ದರಿಂದ ದೂರದ ಸಣ್ಣ ಬ್ರೂವರಿಗಳಿಗೆ ಇದು ವರ, ಕಸದ ತೊಟ್ಟಿಗೆ ಭಾರ.

ಅಮೆರಿಕದವರ ದಾರಿ ಗುಜರಿ ಅಂಗಡಿಯ ಮೂಲಕ ಹೋಯಿತು. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಅಲ್ಲಿ ಕೇಂದ್ರದ ಕಾನೂನು ಅವಕಾಶ ಕೊಟ್ಟದ್ದು 1978ರಲ್ಲಿ, ಅಧ್ಯಕ್ಷ ಕಾರ್ಟರ್ ಸಹಿಯೊಂದಿಗೆ. ಮುಂದೆ ಕೋಕ್, ಪೆಪ್ಸಿ ಕಂಪನಿಗಳು ಸಿರಪ್ಪನ್ನು ಚೀಲಗಳಲ್ಲಿ ಕಳಿಸತೊಡಗಿದಾಗ 19 ಲೀಟರಿನ ಲಕ್ಷಗಟ್ಟಲೆ ಕಾರ್ನೇಲಿಯಸ್ ಸ್ಟೀಲ್ ಪಾತ್ರೆಗಳು ಅಗ್ಗಕ್ಕೆ ಬಿದ್ದವು. ಹವ್ಯಾಸಿಗಳು ಎತ್ತಿಕೊಂಡು ಹೋಗಿ ಹಳೆಯ ಫ್ರಿಜ್ಜಿನ ಬಾಗಿಲಿಗೆ ನಲ್ಲಿ ಕೊರೆದರು. ಇವರಿಂದ ಕಲಿಯಬೇಕಾದದ್ದು ಪೈಪಿನ ಉದ್ದ. ಕೆಗ್‌ನೊಳಗೆ 0.8 ಬಾರ್, ಲೋಟದಲ್ಲಿ ಸೊನ್ನೆ. ಈ ಇಳಿತ ಒಂದೇ ಏಟಿಗೆ ಆದರೆ ಬಿಯರು ಧುಮುಕಿ ನೊರೆಯಾಗುತ್ತದೆ. ಐದು ಮಿಲಿಮೀಟರಿಗಿಂತ ಕಿರಿದಾದ, ಮೂರು ಮೀಟರ್ ಉದ್ದದ ಪೈಪಿನಲ್ಲಿ ಸುತ್ತಿ ತಂದರೆ ಗೋಡೆಯ ಘರ್ಷಣೆ ಒತ್ತಡವನ್ನು ನಿಧಾನಕ್ಕೆ ತಿನ್ನುತ್ತದೆ, ಘಾಟಿಯ ರಸ್ತೆ ತಿರುವು ತಿರುವಾಗಿ ಇಳಿದ ಹಾಗೆ. ತಗಡಿನ ಡಬ್ಬದ ನಲ್ಲಿಗೆ ಎರಡು ಇಂಚೂ ಉದ್ದವಿಲ್ಲ. ಹಾಗಾಗಿ ಅದು ಮೊದಲ ಲೋಟಕ್ಕೆ ನೊರೆ ಕಕ್ಕುವುದು ಅದರ ಹುಟ್ಟುಗುಣ. ಲೋಟವನ್ನು ಓರೆ ಹಿಡಿದು, ನಲ್ಲಿಯನ್ನು ಪೂರಾ ತೆರೆದು ಹಿಡಿಯುವುದೊಂದೇ ದಾರಿ. ಅರ್ಧ ತೆರೆದರೆ ಸಂದಿನಲ್ಲಿ ರಭಸ ಹೆಚ್ಚಿ ನೊರೆ ಮತ್ತೂ ಜಾಸ್ತಿ.

ಬೆಂಗಳೂರಿನವರಿಗೆ ಇದೆಲ್ಲ ದೂರದ ಮಾತಾಗಿತ್ತು. ಮೈಕ್ರೋಬ್ರೂವರಿಗಳು ಬಂದು ಹತ್ತಿರ ಹತ್ತಿರ ಹತ್ತು ವರ್ಷವಾದರೂ ಅಲ್ಲಿ ಮಾಡಿದ್ದನ್ನು ಅಲ್ಲೇ ಕುಡಿಯಬೇಕಿತ್ತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಿಂದ ಟ್ಯಾಂಕುಗಳಲ್ಲಿ ಬಿಯರು ಹಾಳಾಗುತ್ತಿದ್ದಾಗ, ಗಾಜು, ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಯಲ್ಲಿ ಒಬ್ಬರಿಗೆ ಎರಡು ಲೀಟರಿನವರೆಗೆ ಮನೆಗೆ ಒಯ್ಯಲು ಸರ್ಕಾರ ಕೆಲ ಕಾಲದ ಅನುಮತಿ ಕೊಟ್ಟಿತು. ಹಾಲಿನ ಕ್ಯಾನು ಹಿಡಿದು ಸಾಲು ನಿಂತವರೂ ಇದ್ದರು. ಅವರಲ್ಲಿ ಒಬ್ಬ ನನ್ನ ಸ್ನೇಹಿತ. ನಲ್ಲಿಯಿಂದ ನೇರ ಕ್ಯಾನಿಗೆ ಬಿಡಿಸಿಕೊಂಡ, ಮೇಲೆ ಅರ್ಧ ಜಾಗ ಗಾಳಿ, ಮನೆ ಮುಟ್ಟಲು ಒಂದು ತಾಸು. ಸಂಜೆ ಫೋನು ಮಾಡಿ "ಬಾರ್ಲಿ ಗಂಜಿ ಆಗೋಯ್ತು ಮಾರಾಯ" ಎಂದ. ತಳದವರೆಗೆ ಕೊಳವೆ ಇಳಿಸಿ ತುಂಬಿಸಿ, ನೊರೆ ಬಾಯಿಗೆ ಬಂದು ಉಕ್ಕುವಾಗಲೇ ಮುಚ್ಚಳ ತಿರುಗಿಸಿದ್ದರೆ ಆ ನೊರೆಯ ಗ್ಯಾಸೇ ಗಾಳಿಯನ್ನು ಹೊರದಬ್ಬುತ್ತಿತ್ತು. ಮುಚ್ಚಳ ತಿರುಪಿನದ್ದಾಗಿರಬೇಕಿತ್ತು, ಅಷ್ಟೇ.

ಕೊಳ್ಳುವಾಗ ನಾನು ಮೊದಲು ನೋಡುವುದು ತುಂಬಿದ ದಿನಾಂಕ, ಆಮೇಲೆ ಡಬ್ಬ ಎಲ್ಲಿ ನಿಂತಿತ್ತು ಎಂಬುದು, ಮೂರನೆಯದಾಗಿ ಬರುವ ಮಂದಿಯ ತಲೆಗಳು. ಕೊನೆಯದೇ ಮುಖ್ಯ. ಗಾಳಿ ಬಿಟ್ಟು ಬಡಿಸುವ ಐದು ಲೀಟರಿನ ಡಬ್ಬ ಒಂದು ಸಂಜೆಯ ಸರಕು. ಶೇಕಡಾ ಐದರ ಬಿಯರಾದರೆ ಅದರಲ್ಲಿ ಸುಮಾರು 200 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. ಇಬ್ಬರು ಕೂತು ಮುಗಿಸುತ್ತೇವೆಂದರೆ ಮರುದಿನ ಇಬ್ಬರೂ ಇರುವುದಿಲ್ಲ. ಐದು ಜನ ಬೇಕು, ಆರಾದರೆ ಒಳ್ಳೆಯದು. ಅಷ್ಟು ಜನ ಒದಗದಿದ್ದರೆ ಬಾಟಲಿ ಕೊಳ್ಳುವುದೇ ಜಾಣತನ. ಬಾಟಲಿಗೆ ಎರಡನೆಯ ತೂತಿನ ತಾಪತ್ರಯವಿಲ್ಲ.

ಎರ್ಲಾಂಗೆನ್‌ನಲ್ಲಿ ಅವತ್ತು ನಾವು ಮೂವರೇ, ನಮ್ಮಲ್ಲಿ ಒಬ್ಬಳು ಕುಡಿಯುವವಳಲ್ಲ. ಬೆಳಗ್ಗೆ ಡಬ್ಬ ಎತ್ತಿ ನೋಡಿದರೆ ಲೀಟರಿಗೂ ಹೆಚ್ಚು ಉಳಿದಿತ್ತು. ಲೋಟಕ್ಕೆ ಬಗ್ಗಿಸಿದೆ: ನೊರೆ ನಿಲ್ಲಲಿಲ್ಲ, ಮೂಗಿಗೆ ಹಿಡಿದರೆ ನಿನ್ನೆಯ ಹುಲ್ಲಿನ ಪರಿಮಳದ ಬದಲು ಒಣ ರೊಟ್ಟಿಯ ವಾಸನೆ. ಚೆಲ್ಲಲು ಹೊರಟವನ ಕೈಯಿಂದ ಭಾಮೈದನ ಹೆಂಡತಿ ಡಬ್ಬ ಕಸಿದುಕೊಂಡಳು. ಕಡಲೆಹಿಟ್ಟಿಗೆ ಉಪ್ಪು, ಖಾರದಪುಡಿ, ಓಮ ಹಾಕಿ, ನೀರಿನ ಬದಲು ಆ ತಣ್ಣನೆಯ ಬಿಯರು ಸುರಿದು ಕಲೆಸಿದಳು. ಸಪ್ಪೆಯೆಂದು ನಾವು ತೀರ್ಪು ಕೊಟ್ಟದ್ದರಲ್ಲೂ ಲೀಟರಿಗೆ ಎರಡು ಗ್ರಾಮಿನಷ್ಟಾದರೂ ಗ್ಯಾಸು ಉಳಿದಿರಬೇಕು, ನಾಲಿಗೆಗೆ ಅದು ಸಾಲದು. ಕಾದ ಎಣ್ಣೆಗೆ ಈರುಳ್ಳಿ ಬಿಲ್ಲೆ ಬಿದ್ದ ಕೂಡಲೇ ಹಿಟ್ಟಿನೊಳಗೆ ಅದಕ್ಕೆ ಜಾಗವಿಲ್ಲದಾಯಿತು. ಚರಚರ ಎಂದು ಸಾವಿರ ಸಣ್ಣ ಗುಳ್ಳೆ ಎದ್ದು, ಬಜ್ಜಿ ಬಲೂನಿನಂತೆ ಉಬ್ಬಿ ಮಗುಚಿಕೊಂಡಿತು. "ಹೆನ್ರಿ" ಎಂದೆ ನಾನು. "ಸೋಡಾಪುಡಿ ಹಾಕಿಲ್ಲ, ನೋಡ್ಕೊಳ್ಳಿ" ಎಂದಳು ಅವಳು.